ಬದುವಿನ ಎರಡು ಕಡೆಯ ಹುಳು

ಜುಲೈ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಏಳು ಇಪ್ಪತ್ತು. ಹನೂರಿನಿಂದ ಕೌದಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಿಪ್ಪುನೇರಳೆ ತೋಟದಲ್ಲಿ ಮೊದಲನೇ ಕಡ್ಡಿ ನೆಟ್ಟೆ. ಮೋಡ ಇತ್ತು, ಮಳೆ ಇರಲಿಲ್ಲ. ಅದು ಮಣ್ಣಿಗೆ ಇಳಿಯುವ ಮೊದಲೇ ಆ ತೋಟದಲ್ಲಿ ಮುಂದೆ ರೇಷ್ಮೆ ಇರಬೇಕೋ ಬೇಡವೋ ಎನ್ನುವುದು ನನ್ನ ಕಡ್ಡಿಗಳ ಮೇಲೆ ನಿಂತಿತ್ತು. ಅದಕ್ಕೆ ಯಾರೂ ನನ್ನ ಒಪ್ಪಿಗೆ ಕೇಳಿರಲಿಲ್ಲ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಣ್ಣಿನ ಬಗೆಗಿನ ಒಂದು ಯೋಜನೆಯಲ್ಲಿ ನಾನು ಫೀಲ್ಡ್ ಅಸಿಸ್ಟೆಂಟ್. ಮಳೆ ನಂಬಿದ ಹೊಲಗಳಲ್ಲಿ ಕೀಟನಾಶಕ ಹೊಡೆದರೆ ಮಣ್ಣಿನೊಳಗಿನ ಜೀವಿಗಳು ಎಷ್ಟು ಚುರುಕಾಗಿರುತ್ತವೆ, ಹೊಡೆಯದಿದ್ದರೆ ಎಷ್ಟು ಎಂದು ಅಳೆಯಬೇಕು. ಅಳೆಯುವುದಕ್ಕೆ ಒಂದು ಪ್ಲಾಸ್ಟಿಕ್ ಕಡ್ಡಿ ಇದೆ. ಗೇಣುದ್ದಕ್ಕಿಂತ ಕಡಿಮೆ, ಅಗಲದಲ್ಲಿ ಐಸ್‌ಕ್ಯಾಂಡಿ ಕಡ್ಡಿಗಿಂತ ಕಿರಿದು, ಮೇಲಿಂದ ಕೆಳಕ್ಕೆ ಹದಿನಾರು ಸಣ್ಣ ತೂತು. ಗೋಧಿ ಬೂಸ, ಇದ್ದಿಲ ಪುಡಿ, ಜೊತೆಗೆ ಲ್ಯಾಬಿನವರು ಕೊಡುವ ಬಿಳಿ ನಾರಿನ ಪುಡಿ, ಮೂರನ್ನೂ ಕಲಸಿ ತೂತುಗಳಿಗೆ ಮೆತ್ತಿ ಒಣಗಿಸಿ, ಮಣ್ಣಿನಲ್ಲಿ ನೆಟ್ಟು ಮೂರು ವಾರ ಬಿಡಬೇಕು. ಮಣ್ಣಿನ ಹುಳುಹುಪ್ಪಟೆಗಳು ಬಂದು ಅದನ್ನು ತಿನ್ನುತ್ತವೆ. ಆಮೇಲೆ ಕಿತ್ತು ಆಕಾಶಕ್ಕೆ ಹಿಡಿಯುವುದು. ಬೆಳಕು ಕಂಡ ತೂತು ಖಾಲಿ. ಖಾಲಿ ಹೆಚ್ಚಿದ್ದರೆ ಮಣ್ಣು ಚುರುಕು. ಇಷ್ಟೇ ವಿಜ್ಞಾನ. ಉಳಿದದ್ದೆಲ್ಲ ಬಸ್ಸು.

ಬೂಸವನ್ನು ಕೊಳ್ಳೇಗಾಲದ ನನ್ನ ಬಾಡಿಗೆ ರೂಮಿನಲ್ಲೇ ಕಲಸುತ್ತಿದ್ದೆ. ಕೈಯೆಲ್ಲ ಕಪ್ಪಾಗುತ್ತಿತ್ತು. ಓನರ್ ಆಂಟಿ ಎರಡು ಸಲ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದರು. ಹನೂರು ಹಾದು ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಮಾತ್ರ ಕೇಳಿದರು.

"ಏನ್ ಮೇಡಂ ಇದು, ಬಾಚಣ್ಗೆ ಏಜೆನ್ಸಿನಾ?"

"ಅಲ್ಲ ಸರ್. ಮಣ್ಣಿನ ಹುಳುಗಳಿಗೆ ಊಟ."

ಅವರು ಸ್ವಲ್ಪ ಯೋಚಿಸಿ ಸೊನ್ನೆಯ ಟಿಕೆಟ್ ಹರಿದುಕೊಟ್ಟರು. "ನಿಮ್ಗೂ ಫ್ರೀ, ಅವುಕ್ಕೂ ಫ್ರೀ. ಒಳಿಕ್ ಓಗಿ."

ನನಗೆ ಬೇಕಾಗಿದ್ದದ್ದು ಜೋಡಿ ಹೊಲ. ಮಣ್ಣು ಒಂದೇ, ಮಳೆ ಒಂದೇ, ಒಂದಕ್ಕೆ ಔಷಧಿ ಹೊಡೆದಿರಬೇಕು, ಇನ್ನೊಂದಕ್ಕೆ ಹೊಡೆದಿರಬಾರದು. ಹೊಡೆದ ಹೊಲ ಎಲ್ಲಿ ಬೇಕಾದರೂ ಸಿಗುತ್ತದೆ. ಹೊಡೆಯದ ಹೊಲಕ್ಕಾಗಿ ಯಳಂದೂರಿನ ಕಡೆ ಒಂದು ವಾರ ಅಲೆದೆ. "ನಾವು ಔಸ್ದಿ ಒಡಿಯಕಿಲ್ಲ" ಎಂದವರೆಲ್ಲರ ಮನೆ ಹಿಂದೆ ಪಂಪು ನೇತಾಡುತ್ತಿತ್ತು. ಕೊನೆಗೆ ಹೊಳೆಯಿತು: ರೇಷ್ಮೆ ಸಾಕುವವರು ಹೊಡೆಯುವುದಿಲ್ಲ. ಹೊಡೆದ ಸೊಪ್ಪು ತಿಂದರೆ ರೇಷ್ಮೆಹುಳು ಅಲ್ಲೇ ಸಾಯುತ್ತದೆ. ಇದು ತತ್ವವಲ್ಲ, ಅನಿವಾರ್ಯ. ನನಗೆ ಎರಡೂ ಒಂದೇ.

ಹೀಗೆ ಸಿಕ್ಕಿದವರು ಈ ಅಕ್ಕ. ನಲವತ್ತು ದಾಟಿರಬಹುದು. ಗಂಡ ಟೆಂಪೊ ಓಡಿಸುತ್ತಾರೆ, ಮನೆಯಲ್ಲಿ ಕಾಣುವುದು ಕಡಿಮೆ. ಮುಕ್ಕಾಲು ಎಕರೆ ಹಿಪ್ಪುನೇರಳೆ, ಮಳೆ ಬಂದರೆ ಸೊಪ್ಪು. ಬೋರ್‌ವೆಲ್ಲಿನ ನೀರು ಮನೆಗೆ ಮತ್ತು ಹುಳುಮನೆ ತೊಳೆಯುವುದಕ್ಕೆ ಆಗುತ್ತದೆ, ತೋಟಕ್ಕೆ ಸಾಲದು. ಹುಳುಮನೆ ಎಂದರೆ ರೇಷ್ಮೆಹುಳು ಸಾಕುವ ಶೀಟಿನ ಮನೆ. ಅದರ ಹೊಸಿಲಲ್ಲಿ ಒಂದು ಒದ್ದೆ ಗೋಣಿಚೀಲ ಹಾಸಿರುತ್ತಿತ್ತು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಅದರ ಮೇಲೆ ಕಾಲೊತ್ತಿ, ಕೈ ತೊಳೆದೇ ಹೋಗಬೇಕು. ನನ್ನ ತಲೆಯಲ್ಲಿ ಹೂವಿದ್ದ ದಿನ ಬಾಗಿಲಲ್ಲೇ ನಿಲ್ಲಿಸಿದರು. ಹುಳಕ್ಕೆ ವಾಸನೆ ಆಗುವುದಿಲ್ಲವಂತೆ.

ಬದುವಿನ ಆಚೆ ಅಕ್ಕನ ಮೈದುನನ ಹೊಲ. ಮುಸುಕಿನ ಜೋಳ. ಜೋಳದ ಸುಳಿಗೆ ಸೈನಿಕ ಹುಳು ಬೀಳುತ್ತದೆ, ಅದಕ್ಕೆ ಆತ ಔಷಧಿ ಹೊಡೆಯುತ್ತಾನೆ. ಬದುವಿನ ಒಂದು ಕಡೆ ಹುಳ ಸಾಕುವವರು, ಇನ್ನೊಂದು ಕಡೆ ಹುಳ ಸಾಯಿಸುವವರು; ನಡುವೆ ಎರಡು ಅಡಿ ಹುಲ್ಲು. ಜೂನ್ ಕೊನೆಯಲ್ಲಿ, ಅಕ್ಕನ ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದ ಮಾರನೆಯ ದಿನ, ಆತ ಹೊಡೆದಿದ್ದ. ಗಾಳಿ ಈ ಕಡೆಗಿತ್ತು. ರೇಷ್ಮೆಯವರು ಹುಳು ಪೊರೆ ಬಿಡುವುದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದರೆ ಗೂಡು ಕೈಗೆ ಬಂದ ಹಾಗೆ. ಅಕ್ಕನಿಗೆ ಬರಲಿಲ್ಲ. ತಟ್ಟೆ ತಟ್ಟೆಯೇ ಗುಂಡಿಗೆ ಸುರಿದರು.

ನಾನು ಕಡ್ಡಿ ಹಿಡಿದು ನಿಂತಿದ್ದಾಗ ಬದುವಿನ ಮೇಲೆ ಆ ಮಾತೇ ಮತ್ತೆ ನಡೆಯುತ್ತಿತ್ತು.

"ನನ್ ಜ್ವಾಳುಕ್ಕೆ ಉಳ ಬಿದ್ರೆ ಏನ್ ಆರತಿ ಎತ್ತನಾ ಅತ್ಗೆ? ಒಡಿಯದೆಯ" ಎಂದ ಮೈದುನ.

"ಒಡಿ. ಬ್ಯಾಡ ಅಂದ್ನಾ ನಾನು? ಬದಿನ ಪಕ್ಕ ಐದ್ ಸಾಲು ಬುಟ್ಟು ಒಡಿ ಅಂತ ತಾನೆ ಅಂದಿದ್ದು."

"ನಿನ್ ಉಳ ಸತ್ತಿದ್ದು ನನ್ ಔಸ್ದಿಗಲ್ಲ ಕಣತ್ಗೆ. ನಿನ್ ಸೊಪ್ಪಲ್ಲಿ ಸತ್ವ ಇಲ್ಲ. ಸೊಪ್ಪಲ್ಲಿ ಯಾಕಿಲ್ಲ? ಮಣ್ಣಲ್ಲೇ ಇಲ್ಲ. ನಾನಾದ್ರೆ ವರ್ಷುಕ್ಕೆ ಆರ್ ಗಾಡಿ ಗೊಬ್ರ ಒಡಿತಿನಿ."

ಅಕ್ಕ ನನ್ನ ಕಡೆ ತಿರುಗಿದರು. ನನ್ನ ಕಡೆಗಲ್ಲ, ಕಡ್ಡಿಗಳ ಕಡೆಗೆ.

"ಈ ಮಗ ಮಣ್ಣಲ್ಲಿ ಜೀವ ಅದ್ಯಾ ಇಲ್ವಾ ಅಂತ ಅಳಿಯಕ್ಕೆ ಬಂದದ. ಎರಡ್ ಕಡೀಕೂ ನೆಡ್ಲಿ. ನನ್ ಮಣ್ಣು ಗೆದ್ರೆ ಐದ್ ಸಾಲು ನೀನು ಔಸ್ದಿ ಮುಟ್ಟಂಗಿಲ್ಲ."

"ನಂದು ಗೆದ್ರೆ?"

"ಉಳ ಸಾಕದೆ ಬುಡ್ತಿನಿ. ತ್ವಾಟ ನೀನೆ ವಾರುಕ್ಕೆ ಮಾಡ್ಕ, ಬೆಳೆಲಿ ಅರ್ದ ನಂಗ್ ಕೊಡು."

"ಮಾತು?"

"ಮಾತು ಕಣ್ಲಾ."

ನಾನು ಮಧ್ಯೆ ಹೋಗಿ ಹೇಳಿದೆ: ಈ ಕಡ್ಡಿ ಗಾಳಿಯಲ್ಲಿ ಬಂದ ಔಷಧಿಯನ್ನು ಹಿಡಿಯುವುದಿಲ್ಲ, ಸೊಪ್ಪಿನ ಸತ್ವ ಅಳೆಯುವುದಿಲ್ಲ, ಹುಳು ಯಾಕೆ ಸತ್ತವು ಎಂದಂತೂ ಹೇಳುವುದೇ ಇಲ್ಲ. ಮೂರು ಸಲ, ಬೇರೆ ಬೇರೆ ಥರ ಹೇಳಿದೆ. ಇಬ್ಬರೂ ತುಂಬ ಮರ್ಯಾದೆಯಿಂದ ಕೇಳಿಸಿಕೊಂಡರು.

"ಆಯ್ತು ಬುಡವ್ವ, ನೆಡು" ಎಂದರು ಅಕ್ಕ.

ಯೋಜನೆ ನಡೆಸುವ ನಮ್ಮ ಗೈಡ್‌ಗೆ ಫೋನ್ ಮಾಡಿದೆ. "ಬೆಟ್ಟಿಂಗಿಗೆ ನಮ್ಮ ಶೀಟಿನಲ್ಲಿ ಕಾಲಂ ಇಲ್ಲ. ನೆಟ್ಟು ಬಾ" ಎಂದರು.

ನೆಡುವ ಜಾಗವನ್ನು ಅಕ್ಕನೇ ತೋರಿಸಿದರು. ಹುಳುಮನೆಯ ಹಿಂದಿನ ಮೂಲೆ. ಅಲ್ಲಿ ಬೇಲಿ ಇರುವುದರಿಂದ ಮೇಕೆ ಬರುವುದಿಲ್ಲ, ತನ್ನ ಕಣ್ಣ ಮುಂದೆಯೇ ಇರುತ್ತದೆ, ಮೈದುನ ರಾತ್ರಿ ಬಂದು ಬೂಸ ಕೆರೆಯಲಾರ. ಮಣ್ಣು ಕೂಡ ಅಲ್ಲಿ ಒದ್ದೆಯಿತ್ತು. ಒಣ ಮಣ್ಣಿಗೆ ಕಡ್ಡಿ ಇಳಿಸುವುದು ಕಷ್ಟ; ಮೊದಲು ಕಬ್ಬಿಣದ ಸಲಾಕೆಯಿಂದ ಸೀಳಬೇಕು. ಇಲ್ಲಿ ಸಲಾಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಡೈರಿಯಲ್ಲಿ "ತೇವ ಚೆನ್ನಾಗಿದೆ" ಎಂದು ಬರೆದಿದ್ದೇನೆ. ಮಳೆ ಬಾರದ ವಾರದಲ್ಲಿ ಒಂದೇ ಮೂಲೆಯಲ್ಲಿ ತೇವ ಎಲ್ಲಿಂದ ಬಂತು ಎಂದು ಬರೆದಿಲ್ಲ.

ಆಗಸ್ಟ್ ನಾಲ್ಕು, ಮತ್ತೆ ಸೋಮವಾರ. ಎರಡು ಕಡೆಯಿಂದ ಹತ್ತು ಹತ್ತು ಕಡ್ಡಿ ಕಿತ್ತೆ. ಒಂದು ಕಡೆಗೆ ನೂರ ಅರವತ್ತು ತೂತು. ಮೈದುನನ ಹೊಲದ್ದನ್ನು ಮೊದಲು ಎಣಿಸಿದೆ. ನಾನು ಕಡ್ಡಿಯನ್ನು ಆಕಾಶಕ್ಕೆ ಹಿಡಿದರೆ ಅವರಿಬ್ಬರೂ ಎರಡು ಕಡೆಯಿಂದ ಕುತ್ತಿಗೆ ಎತ್ತಿ ನೋಡುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ತಾವೂ ಆಕಾಶ ನೋಡಿ, ಏನೂ ಕಾಣದೆ ಹೋದರು.

"ಇದು ಖಾಲಿ. ಇದು ಖಾಲಿ. ಇದು ಅರ್ಧ" ಎಂದೆ.

"ಅರ್ಧನೂ ತಿಂದಿದ್ದೇ ತಾನೆ? ಬರ್ಕಳಿ ಮೇಡಂ" ಎಂದ ಮೈದುನ.

"ಅರ್ಧ ಉಂಡು ಎದ್ದೋದ್ರೆ ಊಟ ಅಂತಾರೇನ್ಲಾ? ನಿನ್ ಮಣ್ಣು ರುಚಿ ಇಲ್ಲ ಅಂತ ಎದ್ದೋಗವೆ" ಎಂದರು ಅಕ್ಕ.

ಅರ್ಧ ಖಾಲಿಯಾದದ್ದನ್ನು ಅರ್ಧವೆಂದೇ ಬರೆಯಬೇಕು ಎನ್ನುವುದು ನಿಯಮ. ಇದರಿಂದ ಇಬ್ಬರಿಗೂ ಸಮಾಧಾನ ಆಗಲಿಲ್ಲ. ಮೈದುನನ ಒಟ್ಟು ಐವತ್ತೆಂಟು. ಔಷಧಿ ಹೊಡೆದ ಹೊಲಕ್ಕೆ ಅದು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ. ಆರು ಗಾಡಿ ಗೊಬ್ಬರದ ಮಾತು ನಿಜವಿರಬಹುದು.

ಅಕ್ಕನ ಮೊದಲ ಕಡ್ಡಿಯಲ್ಲಿ ಬೆಳಕು ಕಾಣಲಿಲ್ಲ. ಎರಡನೆಯದರಲ್ಲಿ ಒಂದು ತೂತು. ಮೂರನೆಯದರಲ್ಲಿ ಇಲ್ಲ. ನಾಲ್ಕನೆಯ ಕಡ್ಡಿಯ ಹೊತ್ತಿಗೆ ಮೈದುನ ತಮಾಷೆ ನಿಲ್ಲಿಸಿದ್ದ. ಹತ್ತು ಕಡ್ಡಿಗೆ ಒಟ್ಟು ಏಳು.

ಅಕ್ಕ ಕೊನೆಯ ಕಡ್ಡಿಯನ್ನು ತಾವೇ ಆಕಾಶಕ್ಕೆ ಹಿಡಿದು ನೋಡಿದರು. ಆಮೇಲೆ ಅಕ್ಕ ಕೇಳಿದರು, "ನಿನ್ ಕಡ್ಡಿ ಸುಳ್ಳೇಳಕಿಲ್ಲ ಅಲ್ವವ್ವ?"

"ಇಲ್ಲ ಅಕ್ಕ."

"ಅಂಗಾರೆ ಸರಿ."

ಅಲ್ಲೇ ನಿಂತು ಚಾಕಿ ಸೆಂಟರಿಗೆ, ಅಂದರೆ ಮರಿಹುಳು ಕೊಡುವವರಿಗೆ, ಫೋನ್ ಮಾಡಿದರು. "ಈ ಸರ್ತಿ ನಂಗ್ ಬ್ಯಾಡ ಕನಪ್ಪ, ಬ್ಯಾರೆಯವ್ರಿಗ್ ಕೊಟ್ಬುಡು." ಆ ಕಡೆಯವರು ಏನೋ ಕೇಳಿದರು. "ಇಲ್ಲ, ಮುಂದ್ಕೂ ಬ್ಯಾಡ" ಎಂದು ಕಟ್ ಮಾಡಿ, ನನಗೆ ಕಾಫಿ ಕಾಸಲು ಒಳಗೆ ಹೋದರು. ಅಕ್ಕ ಸೋತದ್ದಕ್ಕಿಂತ ಆ ಕಾಫಿಗೆ ಸಕ್ಕರೆ ಹಾಕಲು ಮರೆತದ್ದು ನನ್ನನ್ನು ಹೆಚ್ಚು ಕಾಡಿತು. ಮೈದುನನೂ ಅದನ್ನೇ ಕುಡಿದ.

ಶೀಟಿನಲ್ಲಿ ವಾಸನೆಗೆ ಒಂದು ಕಾಲಂ ಇದೆ. ಕಡ್ಡಿ ಕೀಳುವಾಗ ಮಣ್ಣಿನ ವಾಸನೆ ಬರೆಯಬೇಕು. ಜೋಳದ ಹೊಲಕ್ಕೆ "ಮಣ್ಣು" ಎಂದು ಬರೆದಿದ್ದೆ. ಅಕ್ಕನ ಮೂಲೆಗೆ "ಬಸ್‌ಸ್ಟ್ಯಾಂಡ್ ಶೌಚಾಲಯ, ಬೆಳಿಗ್ಗೆ" ಎಂದು ಬರೆದಿದ್ದೆ. ಶೀಟಿನ ಫೋಟೊ ನೋಡಿ ಆ ರಾತ್ರಿ ಗೈಡ್ ಫೋನ್ ಮಾಡಿದರು.

"ಇದೇನಮ್ಮ ಬರೆದಿದ್ದೀಯ?"

"ಹಾಗೇ ಇತ್ತು ಸರ್."

"ಅಲ್ಲಿ ಯಾರಾದರೂ ಹೋಗ್ತಾರಾ?"

"ಇಲ್ಲ ಸರ್. ಅದು ಗಲೀಜಿನ ವಾಸನೆಯಲ್ಲ. ತೊಳೆದ ವಾಸನೆ."

"ಹಾಗಿದ್ದರೆ ಹೋಗಿ ನೋಡು" ಎಂದರು. ನಾನು ಶನಿವಾರದವರೆಗೆ ಹೋಗಲಿಲ್ಲ. ಯಳಂದೂರಿನ ಕಡೆ ಆಮೇಲೆ ಸಿಕ್ಕ ಇನ್ನೊಂದು ಜೋಡಿ ಹೊಲದ ಕಡ್ಡಿಗಳನ್ನು ಕೀಳುವುದಿತ್ತು. ಅಲ್ಲಿ ಮೇಕೆ ಎರಡು ಕಡ್ಡಿಯನ್ನು ಪೂರ್ತಿ ತಿಂದಿತ್ತು. ಅದನ್ನು ಮಣ್ಣಿನ ಚಟುವಟಿಕೆ ಎಂದು ಲೆಕ್ಕ ಹಾಕುವಂತಿಲ್ಲ.

ಶನಿವಾರ ಒಂಬತ್ತನೇ ತಾರೀಖು ಹೋದಾಗ ಅಕ್ಕ ಹುಳುಮನೆ ತೊಳೆಯುತ್ತಿದ್ದರು. ಮುಖಕ್ಕೆ ಟವಲ್ ಕಟ್ಟಿಕೊಂಡಿದ್ದರು. ತಟ್ಟೆಗಳೆಲ್ಲ ಹೊರಗೆ ಬಿಸಿಲಿಗೆ ನಿಂತಿದ್ದವು.

"ಸಾಕಲ್ಲ ಅಂದ್ರಿ, ಮತ್ತೆ ತೊಳೀತಾ ಇದೀರಲ್ಲ ಅಕ್ಕ?"

"ಮುಚ್ಚದಾದ್ರೂ ಚೆಂದಾಗ್ ಮುಚ್ಚವಾ ಅಂತ. ಜ್ವಾಳ ಕುಯ್ದ್ ಮ್ಯಾಲೆ ಅಂವ ಬಂದು ಚೀಲ ಜೋಡುಸ್ತಾನೆ. ನನ್ ಉಳಿನ್ ಮನೆ ಗಲೀಜಾಗಿತ್ತು ಅನ್ನಿಸ್ಕಬಾರ್ದು."

ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿಯೂ ಸುಣ್ಣವೂ ಕಲಸಿದ ಬಿಳಿ ನೀರು. ರೇಷ್ಮೆಯವರೆಲ್ಲ ಹುಳದ ರೋಗ ಹೋಗಲೆಂದು ಒಂದು ಬೆಳೆ ಮುಗಿದ ಮೇಲೆ ಇದರಲ್ಲಿ ತೊಳೆಯುತ್ತಾರೆ. ಅಕ್ಕ ಜೂನ್‌ನಲ್ಲಿ ಹುಳು ಸತ್ತಾಗಿನಿಂದ ವಾರಕ್ಕೊಮ್ಮೆ ತೊಳೆದಿದ್ದರು. ಮೈದುನನ ಔಷಧಿಯ ಅಂಶ ಒಂದು ಚೂರೂ ಉಳಿಯಬಾರದೆಂದು ಪುಡಿಯನ್ನು ಎರಡರಷ್ಟು ಹಾಕುತ್ತಿದ್ದರಂತೆ. ಪೊರಕೆಯಲ್ಲಿ ತಳ್ಳಿದ ನೀರು ಹಿಂದಿನ ಗೋಡೆಯ ತೂತಿನಿಂದ ಹೊರಗೆ ಬಿದ್ದು, ಸಣ್ಣ ಕಾಲುವೆಯಾಗಿ, ಬೇಲಿಯ ಮೂಲೆಗೆ ಬಂದು ನಿಂತಿತು. ನನ್ನ ಹತ್ತು ಕಡ್ಡಿಗಳ ಸೀಳು ಇನ್ನೂ ಮುಚ್ಚಿರಲಿಲ್ಲ. ಬಿಳಿ ನೀರು ಒಂದೊಂದಾಗಿ ಹತ್ತಕ್ಕೂ ಇಳಿಯಿತು.

ನಾನು ನಿಂತಲ್ಲೇ ನಿಂತೆ. ಚಪ್ಪಲಿ ನೆನೆಯಿತು. ವಾಸನೆ ಅದೇ.

"ಅಕ್ಕ, ಈ ನೀರು ಯಾವಾಗಲೂ ಇಲ್ಲಿಗೇ ಬರುತ್ತಾ?"

"ಇನ್ನೆಲ್ಲಿಗ್ ಓದದು? ಇಳಿಜಾರು ಅಲ್ಲಿಗೆ ತಾನೆ ಇರದು." ಹೇಳುತ್ತ ಹೇಳುತ್ತ ಅಕ್ಕನ ಕೈಯಲ್ಲಿದ್ದ ಪೊರಕೆ ನಿಂತಿತು. ಟವಲ್ ಕೆಳಕ್ಕೆ ಎಳೆದುಕೊಂಡರು. "ಅಂದ್ರೆ ನನ್ ಮಣ್ಣ ಸಾಯ್ಸಿದ್ದು ನಾನೆಯಾ?"

"ಈ ಮೂಲೆ ಮಣ್ಣು ಅಕ್ಕ. ಅದೂ ಇರಬಹುದು ಅಂತ ಅಷ್ಟೇ. ಉಳಿದ ತೋಟ ನಾನು ಅಳೆದೇ ಇಲ್ಲ."

ಬೇಸರ ಮಾಡಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಪೊರಕೆ ಎಸೆದು ಬದುವಿಗೆ ಓಡಿದರು.

"ಲೇ! ಬಾ ಇಲ್ಲಿ! ನನ್ ಉಳಗಳ್ನ ನಾನೆ ಸಾಯ್ಸಿವ್ನಿ ಕಣ್ಲಾ, ನಿಂದೇನಿಲ್ಲ!"

ಜೋಳದೊಳಗಿಂದ ಮೈದುನ ಗಾಬರಿಯಾಗಿ ಬಂದ. ಯಾವ ಹುಳ, ಎಷ್ಟು ಹುಳ, ಯಾವಾಗ ಎಂದು ಅರ್ಥ ಮಾಡಿಸುವುದಕ್ಕೆ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನಿಗೆ ಇಷ್ಟವಾಗಲಿಲ್ಲ.

"ಆಟ ಆಡಿದ್ದು ಒಂದೇ ಅತ್ಗೆ. ಎರಡ್ನೇ ಇನ್ನಿಂಗ್ಸು ಅಂತ ಎಲ್ಲಿ ಏಳಿದ್ದೆ?"

"ಪಿಚ್ಚೇ ಸರಿ ಇರ್ನಿಲ್ಲ ಕಣ್ಲಾ. ಬ್ಲೀಚಿಂಗ್ ಪೌಡ್ರಲ್ಲಿ ಯಾವಾನ್ ಆಡ್ತಾನೆ?"

ಅವನು ನನ್ನನ್ನು ನೋಡಿದ. ಆ ಮೂಲೆಯ ಕಡ್ಡಿಗಳನ್ನು ಹೇಗಿದ್ದರೂ ಲೆಕ್ಕದಿಂದ ತೆಗೆಯಬೇಕಾಗುತ್ತದೆ, ಔಷಧಿ ಮುಟ್ಟದ ಜಾಗ ಎಂದು ಅದನ್ನು ತೋರಿಸುವಂತಿಲ್ಲ ಎಂದೆ. "ಮೇಡಂ, ನೀವೂ ಅವ್ರ್ ಕಡಿಕೆಯಾ" ಎಂದು ಹೋದ. ಆದರೆ ಮರುದಿನ ನಾನು ಸಲಾಕೆ ತೆಗೆದುಕೊಂಡು ಹೋದಾಗ, ತನ್ನ ಹೊಲದಲ್ಲಿ ನೆಡುವ ಜಾಗಕ್ಕೆ ತಾನೇ ನೀರು ಚಿಮುಕಿಸಿ ಕಾಯುತ್ತಿದ್ದ. ನೀರು ಚಿಮುಕಿಸಿದ ಜಾಗ ಬಿಟ್ಟು ನೆಟ್ಟೆ.

ಈ ಸಲ ಅಕ್ಕನ ತೋಟದಲ್ಲಿ ಎರಡು ಕಡೆ: ಮೇಲ್ಗಡೆ ಒಂದು ಸಾಲು, ಬದುವಿನ ಪಕ್ಕ ಒಂದು ಸಾಲು. ಮೂರು ವಾರದ ಮೇಲೆ ಎಣಿಸಿದಾಗ ಮೇಲ್ಗಡೆಯ ಸಾಲಿನಲ್ಲಿ ಎಪ್ಪತ್ತೊಂದು ಖಾಲಿ. ಮೈದುನನದು ನಲವತ್ತೊಂಬತ್ತು. ಅಕ್ಕನ ಬದುವಿನ ಪಕ್ಕದ ಸಾಲು ಮೂವತ್ತು, ಅಂದರೆ ಔಷಧಿ ಹೊಡೆಯುವ ಹೊಲಕ್ಕಿಂತಲೂ ಕಡಿಮೆ. ಯಾಕೆ ಎಂದು ನನಗೆ ಗೊತ್ತಿಲ್ಲ. ಬದುವಿನ ಹತ್ತಿರ ಮಣ್ಣು ಗಟ್ಟಿಯಿದೆ, ಅದೂ ಇರಬಹುದು, ಗಾಳಿಯೂ ಇರಬಹುದು. ಹತ್ತು ಕಡ್ಡಿಯಿಂದ ಹೇಳಲು ಬರುವುದಿಲ್ಲ ಎಂದು ಇಬ್ಬರಿಗೂ ಹೇಳಿದೆ. ಅಕ್ಕ ಗಾಳಿ ಎಂದರು. ಮೈದುನ ಗಟ್ಟಿ ಮಣ್ಣು ಎಂದ.

"ಎಪ್ಪತ್ತೊಂದು ನಲವತ್ತೊಂಬತ್ತು. ಐದ್ ಸಾಲು ಬುಡು" ಎಂದರು ಅಕ್ಕ.

"ಒಂದ್ಸಲ ನೀನು, ಒಂದ್ಸಲ ನಾನು. ಡ್ರಾ" ಎಂದ ಮೈದುನ.

ಇದು ಹದಿನೈದು ದಿನ ಹೀಗೇ ನಡೆಯಿತು. ಅಕ್ಕ ಮಾತ್ರ ಎಣಿಸಿದ ದಿನ ಸಂಜೆಯೇ ಚಾಕಿ ಸೆಂಟರಿಗೆ ಫೋನ್ ಮಾಡಿದ್ದರು. ಹುಳು ಬಂದವು. ಹುಳುಮನೆ ತೊಳೆದ ನೀರನ್ನು ಇನ್ನು ಎಲ್ಲಿಗೆ ಬಿಡುವುದು ಎಂಬ ಪ್ರಶ್ನೆ ಮೊದಲ ಸಲ ಎದ್ದದ್ದು ಆಗ. ನಾನೂ ಅವರೂ ಸೇರಿ ಮನೆಯ ಇನ್ನೊಂದು ಬದಿಗೆ, ಏನೂ ಬೆಳೆಯದ ಕಲ್ಲು ನೆಲದಲ್ಲಿ ಗುಂಡಿ ತೆಗೆದೆವು. ನೀರು ಈಗ ಅಲ್ಲಿ ಇಂಗುತ್ತದೆ. ಅದೂ ಮಣ್ಣೇ ಎಂದು ಡೈರಿಯಲ್ಲಿ ಬರೆದಿದ್ದೇನೆ. ಪುಡಿಯನ್ನು ಈಗ ಪಾಕೀಟಿನಲ್ಲಿ ಬರೆದಷ್ಟೇ ಹಾಕುತ್ತಾರೆ, ಸ್ವಲ್ಪ ಹೆಚ್ಚು.

ಐದು ಸಾಲಿನ ವಿಷಯ ಕಾಡುಹಂದಿಗಳು ಮುಗಿಸಿದವು. ಸೆಪ್ಟೆಂಬರ್‌ನಲ್ಲಿ ತೆನೆ ಹಾಲುಗಟ್ಟಿದಾಗ ಹಿಂಡು ಬಂದು, ಬೇಲಿ ಗಟ್ಟಿಯಿದ್ದ ಮೂರು ಕಡೆ ಬಿಟ್ಟು, ಬದುವಿನ ಕಡೆಯಿಂದ ನುಗ್ಗಿ ಸಾಲು ಸಾಲೇ ಮಲಗಿಸಿತ್ತು. ನಾನು ಹೋದಾಗ ಮೈದುನ ಬದುವಿನ ಮೇಲೆ ಕೂತಿದ್ದ.

"ನೋಡಿ ಮೇಡಂ, ಐದ್ ಸಾಲು ಬುಟ್ಟಿವ್ನಿ. ಮಾತು ಅಂದ್ರೆ ಮಾತು" ಎಂದ.

ಎಣಿಸಿದೆ. ಆರು ಸಾಲಿತ್ತು.

"ಇನ್ನೊಂದ್ ಸಾಲು ಬಡ್ಡಿ" ಎಂದರು ಈ ಕಡೆಯಿಂದ ಅಕ್ಕ. ಆಮೇಲೆ ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳು ಸಾರು ತಂದು ಅವನ ಪಕ್ಕ ಇಟ್ಟರು. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮುಂದಿನ ವರ್ಷ ಆ ಸಾಲುಗಳಿಗೆ ರಾಗಿ ಹಾಕುತ್ತೇನೆ, ರಾಗಿಗೆ ಔಷಧಿ ಬೇಕಿಲ್ಲ ಎಂದು ತಿನ್ನುತ್ತ ಹೇಳಿದ. ಇದು ಪಂದ್ಯಕ್ಕಾಗಿ ಅಲ್ಲ, ಹಂದಿ ಕಾಟಕ್ಕಾಗಿ ಎಂದೂ ಹೇಳಿದ. ಹುಳು ನಾಲ್ಕನೇ ಜ್ವರ ದಾಟಿದವು. ಗೂಡು ಕಟ್ಟಿದವು. ಅಕ್ಕ ಒಂದು ಗೂಡನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಒಳಗೆ ಗಟ್ಟಿಯಾದದ್ದೇನೋ ಗಲಗಲ ಎಂದಿತು.

ಹುಳುಮನೆಯ ಹಿಂದಿನ ಮೂಲೆಯಲ್ಲಿ ಈಗಲೂ ನಾನು ತಿಂಗಳಿಗೊಮ್ಮೆ ಐದು ಕಡ್ಡಿ ನೆಡುತ್ತೇನೆ. ಯೋಜನೆಗಲ್ಲ, ಅಕ್ಕ ಕೇಳಿದ್ದಕ್ಕೆ. ಕಿತ್ತು ಆಕಾಶಕ್ಕೆ ಹಿಡಿದಾಗ ಪಕ್ಕದಲ್ಲಿ ನಿಲ್ಲುತ್ತಾರೆ. ಇದುವರೆಗೆ ಸಿಕ್ಕ ಬೆಳಕು ತೀರ ಕಡಿಮೆ. ಕಳೆದ ಸಲ ಅಲ್ಲಿಗೆ ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಸುರಿದು, ಮೈದುನ ಕೊಟ್ಟದ್ದು ಎಂದು ಹೇಳದೆ, "ಈ ಮೂಲೆಗೆ ಅವು ಯಾವಾಗ್ ವಾಪಸ್ ಬತ್ತವೆ ಮಗ?" ಎಂದು ಕೇಳಿದರು. ಗೊತ್ತಿಲ್ಲ ಅಕ್ಕ, ಕೇಳಿ ಹೇಳುತ್ತೇನೆ ಎಂದೆ. ಗೈಡ್‌ಗೂ ಗೊತ್ತಿಲ್ಲ. ಆದ್ದರಿಂದ ಇದನ್ನು ಓದಿದವರಲ್ಲಿ ಕೇಳುತ್ತಿದ್ದೇನೆ: ಬ್ಲೀಚಿಂಗ್ ನೀರು ನಿಂತ ಕೆಂಪು ಮಣ್ಣಿಗೆ ಹುಳುಗಳು ಎಷ್ಟು ಮಳೆಗಾಲದ ಮೇಲೆ ಮರಳಿ ಬರುತ್ತವೆ, ಹುಳುಮನೆ ತೊಳೆದ ನೀರನ್ನು ನಿಮ್ಮ ಕಡೆ ಎಲ್ಲಿ ಬಿಡುತ್ತೀರಿ, ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಎಷ್ಟು ವರ್ಷ ಎಂದು ಅಂದಾಜು ಗೊತ್ತಿದ್ದರೂ ಸಾಕು, ಅಕ್ಕನಿಗೆ ಹೇಳಬೇಕು.